ಬ್ಲ್ಯಾಕ್ ಹಿಲ್ಸ್‌ನಲ್ಲಿ ಟರ್ಕಿ ಬೇಟೆ: ಗಡ್ಡ ನೋಡಿ ದುಡ್ಡು ಕೊಡಬೇಡಿ

ಅಮೆರಿಕದ ಸೌತ್ ಡಕೋಟಾದ ಬ್ಲ್ಯಾಕ್ ಹಿಲ್ಸ್‌ಗೆ ಕಾಡುಟರ್ಕಿ ಅನ್ನುವ ಕೋಳಿಜಾತಿಯ ದೊಡ್ಡ ಹಕ್ಕಿಯ ಬೇಟೆಗೆ ಹೊರಟಿದ್ದೀರಾ? ವಯಸ್ಸಾದ ದೊಡ್ಡ ಹುಂಜಕ್ಕೆ 'ಟ್ರೋಫಿ ಶುಲ್ಕ' ಅಂತ ಬೇರೆ ದುಡ್ಡು ಕೇಳುವ ಗೈಡ್ ಸಿಕ್ಕರೆ ಅಲ್ಲಿಂದಲೇ ವಾಪಸ್ ಬನ್ನಿ. ನಮ್ಮ ಗೈಡ್ ಖಾಸಗಿ ರ‍್ಯಾಂಚ್ ಒಂದರಲ್ಲಿ ದೂರದ ಹುಂಜ ತೋರಿಸಿ, "ನಾಲ್ಕು ವರ್ಷದ್ದು, ಗಡ್ಡ ನೋಡಿ" ಅಂದ. ಹತ್ತಿರ ಬಂತು, ಈಡು ಬಿತ್ತು. ಮಾತಾಡಿದ ಹಣದ ಮೇಲೆ ಇನ್ನೂ ದೊಡ್ಡ ಮೊತ್ತ ಕೇಳಿದ. ಹುಂಜದ ಕಾಲಿನ ಹಿಂದಿನ ಮುಳ್ಳು ವಯಸ್ಸಾದಂತೆ ಉದ್ದವಾಗುತ್ತದೆ; ಟೇಪ್ ಹಿಡಿದರೆ ಅದು ಅರ್ಧ ಇಂಚು ದಾಟಿತ್ತು, ಅಷ್ಟೇ. ನಮ್ಮದು ಎರಡು ವರ್ಷದ ಹುಂಜ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಜಗಳ ಆಯಿತು, ಕೊಟ್ಟ ದುಡ್ಡು ವಾಪಸ್ ಬರಲಿಲ್ಲ.

ಗಡ್ಡ ಅಂದರೆ ಎದೆಯಿಂದ ಇಳಿಬೀಳುವ ಬಿರುಸು ಕೂದಲಿನಂಥ ಕುಚ್ಚು. ಅದು ನೆಲಕ್ಕೆ, ಹಿಮಕ್ಕೆ ಉಜ್ಜಿ ತುದಿ ಸವೆಯುತ್ತದೆ, ಹಾಗಾಗಿ ಗಡ್ಡದ ಉದ್ದದಿಂದ ವಯಸ್ಸು ಹೇಳಲು ಬರುವುದಿಲ್ಲ. ಮುಳ್ಳೇ ನಂಬಿಕಸ್ಥ. ಆದರೆ ಇಲ್ಲಿರುವುದು ಮೆರಿಯಮ್ಸ್ ತಳಿ, ಬಾಲದ ತುದಿ ಬಿಳಿ. 1948ರಿಂದ ಕೆಲವು ವರ್ಷ ನ್ಯೂ ಮೆಕ್ಸಿಕೊ, ಕೊಲರಾಡೊಗಳಿಂದ ತಂದು ಬಿಟ್ಟ ಹಕ್ಕಿಗಳ ಸಂತತಿ. ಕಲ್ಲುಗುಡ್ಡದಲ್ಲಿ ತಿರುಗುವ ಇವುಗಳ ಮುಳ್ಳು ಮಿಸೌರಿ ಕಡೆಯ ಈಸ್ಟರ್ನ್ ತಳಿಯ ಹುಂಜದಷ್ಟು ಬೆಳೆಯುವುದಿಲ್ಲ. ಅಲ್ಲಿ ಒಂದೂಕಾಲು ಇಂಚಿನ ಮುಳ್ಳಿಗೆ ಕಾಯುವವರು ಇಲ್ಲಿ ಒಂದಿಂಚು ಸಿಕ್ಕರೆ ಖುಷಿಪಡಬೇಕು.

ದೂರದಿಂದ ಮೊದಲು ಬಾಲ ನೋಡಿ. ಬಿಚ್ಚಿದಾಗ ನಡುವಿನ ಗರಿಗಳಷ್ಟೇ ಉದ್ದವಾಗಿ ಎದ್ದು ಕಂಡರೆ ಅದು ಒಂದು ವರ್ಷದ ಮರಿಹುಂಜ, ಇಲ್ಲಿನವರ ಮಾತಲ್ಲಿ ಜೇಕ್. ಬಿಟ್ಟುಬಿಡಿ. ಗರಿಗಳೆಲ್ಲ ಒಂದೇ ಸಮ ಇದ್ದರೆ ಬೆಳೆದ ಹುಂಜ. ಆಮೇಲೆ, ಯಾವುದು ಬಂದಾಗ ಉಳಿದವು ಪಕ್ಕಕ್ಕೆ ಸರಿಯುತ್ತವೆ ಅಂತ ಗಮನಿಸಿ. ಹೇಂಟೆಯ ದನಿಯಲ್ಲಿ ಒಮ್ಮೆ ಕೂಗಿ ಸುಮ್ಮನಾಗಿ. ಪದೇ ಪದೇ ಕೂಗುವವರ ಹತ್ತಿರ ಹಳೇ ಹುಂಜ ಸುಳಿಯುವುದಿಲ್ಲ. ನಲವತ್ತು ಗಜದ ಆಚೆ ಕೋವಿ ಎತ್ತಬೇಡಿ, ಗಾಯಗೊಂಡ ಹಕ್ಕಿ ಕಾಡಲ್ಲಿ ನರಳಿ ಸಾಯುತ್ತದೆ.

ಹೊಡೆದ ಹುಂಜ ಎಂಥದ್ದು ಅಂತ ಅಂಕದಲ್ಲಿ ಅಳೆಯಬೇಕಾದರೆ, ಕಾಡುಟರ್ಕಿ ಸಂರಕ್ಷಣೆಯ ಸಂಸ್ಥೆ ನ್ಯಾಷನಲ್ ವೈಲ್ಡ್ ಟರ್ಕಿ ಫೆಡರೇಶನ್ನಿನ ಲೆಕ್ಕ ಸುಲಭ: ಪೌಂಡಿನಲ್ಲಿ ತೂಕ, ಜೊತೆಗೆ ಗಡ್ಡದ ಇಂಚಿನ ಎರಡು ಪಟ್ಟು, ಎರಡೂ ಮುಳ್ಳು ಕೂಡಿಸಿ ಅದರ ಹತ್ತು ಪಟ್ಟು. ನಮ್ಮ ಹುಂಜ 17 ಪೌಂಡ್, ಗಡ್ಡ 8 ಇಂಚು, ಮುಳ್ಳುಗಳು ಸೇರಿ ಒಂದೂಕಾಲು. ಒಟ್ಟು 45.5. ಗೈಡ್ ಮುಂದೆಯೇ ಕೂಡಿಸಿ ತೋರಿಸಿದೆ.

ರ‍್ಯಾಂಚ್ ಯಾಕೆ ಬೇಕು? ಹನ್ನೆರಡು ಲಕ್ಷ ಎಕರೆಯ ರಾಷ್ಟ್ರೀಯ ಅರಣ್ಯ ಪಕ್ಕದಲ್ಲೇ ಇದೆ, ಲೈಸೆನ್ಸ್ ಇದ್ದರೆ ಸಾಕು. ಆದರೆ ಸೀಸನ್ನಿನ ಮೊದಲ ವಾರಾಂತ್ಯ ಬೇಡವೇ ಬೇಡ. ಒಂದೇ ಗುಡ್ಡದಲ್ಲಿ ಮೂರು ಕಡೆಯಿಂದ ಬೇಟೆಗಾರರ ಕೂಗು ಕೇಳಿದರೆ ನನಗೆ ತಲೆ ಕೆಡುತ್ತದೆ. ಮೇ ತಿಂಗಳ ಮಧ್ಯವಾರ, ರಸ್ತೆಯಿಂದ ಒಂದೆರಡು ಮೈಲಿ ಒಳಗೆ ನಡೆದರೆ ಪಾಂಡರೋಸಾ ಪೈನ್ ಮರಗಳಲ್ಲಿ ರಾತ್ರಿ ಕೂತ ಹುಂಜಗಳು ನಸುಕಿಗೇ ಮಾತಾಡುತ್ತವೆ. ಆಗಲೂ ಹಿಮ ಬೀಳಬಹುದು.

ಮೋಟೆಲ್ ಸುಲಿಗೆ: ಹೀಟರ್ ಕೆಟ್ಟಿತ್ತು, ಮಾಂಸ ಇಡಲು ಫ್ರೀಜರ್ ಇಲ್ಲ, ಬಾಡಿಗೆ ಮಾತ್ರ ಬೇಸಿಗೆಯದ್ದು. ಅದೇ ಬೀದಿಯಲ್ಲಿ ಲಕೋಟಾ ಅನ್ನುವ ಮೂಲನಿವಾಸಿ ಸಮುದಾಯದ ಅಜ್ಜಿಯೊಬ್ಬರ ನಾಲ್ಕು ಮೇಜಿನ ಹೋಟೆಲ್. ಬಿಸಿ ಬಿಸಿ ಫ್ರೈ ಬ್ರೆಡ್, ನಮ್ಮ ಭಟೂರೆಯಂತೆ ಉಬ್ಬಿದ್ದು, ಮೇಲೆ ಬೀನ್ಸ್, ಮಾಂಸ, ಹಸಿ ಈರುಳ್ಳಿ. ಕೊನೆಗೆ ಅದೇ ಬ್ರೆಡ್ಡಿನ ತುಂಡಿಗೆ ವೊಜಾಪಿ ಅನ್ನುವ ಬೆರ‍್ರಿ ಗೊಜ್ಜು. ಚಳಿಯಲ್ಲಿ ಮರಗಟ್ಟಿ ಬಂದವನಿಗೆ ಕೇಳದೆಯೇ ಎರಡನೇ ಸಲ ಬಡಿಸಿದರು. ಮೋಟೆಲ್ಲಿನ ಒಂದು ರಾತ್ರಿಯ ದುಡ್ಡಲ್ಲಿ ಅಲ್ಲಿ ವಾರವಿಡೀ ಉಣ್ಣಬಹುದು. ಆ ಊಟಕ್ಕಾಗಿಯೇ ಇನ್ನೊಮ್ಮೆ ಹೋಗುತ್ತೇನೆ.

ಎಚ್1ಬಿ ವೀಸಾದವರು ಗಮನಿಸಿ: ಅಮೆರಿಕದ ಫೆಡರಲ್ ಕಾನೂನಿನಲ್ಲಿ ನಮ್ಮಂಥವರು ಕೋವಿ ಹಿಡಿಯುವಂತಿಲ್ಲ. ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಸ್ನೇಹಿತರ ಕೋವಿ ಮುಟ್ಟುವ ಮೊದಲೇ ಲೈಸೆನ್ಸ್ ಜೇಬಲ್ಲಿರಲಿ, ಒಮ್ಮೆ ವಕೀಲರನ್ನೂ ಕೇಳಿ. ಹುಂಜದ ತಲೆ ಕೆಂಪು, ಬಿಳಿ, ನೀಲಿ. ಬೇರೆ ಬೇಟೆಗಾರರು ನಿಮ್ಮನ್ನೇ ಹುಂಜ ಅಂದುಕೊಂಡಾರು, ಆ ಮೂರು ಬಣ್ಣ ಕರವಸ್ತ್ರದಲ್ಲೂ ಬೇಡ. ಹೊಡೆದ ಹಕ್ಕಿಯನ್ನು ಕಿತ್ತಳೆ ಬಟ್ಟೆಯಲ್ಲಿ ಸುತ್ತಿಯೇ ಹೊತ್ತು ತನ್ನಿ.