ಅಂಗಾಲು ಬೆಚ್ಚಗಾದ ರಾತ್ರಿ

ಡಿಸೆಂಬರ್ ತಿಂಗಳು. ಶಹಾಪುರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನನಗೆ ರಾತ್ರಿ ಡ್ಯೂಟಿ. ಹನ್ನೊಂದೂವರೆಗೆ ಬಾಗಿಲ ಮುಂದೆ ಟಂಟಂ ಬಂದು ನಿಂತಿತು. ಮೊದಲು ಊರಿನ ಆಶಾ ಕಾರ್ಯಕರ್ತೆ ಇಳಿದಳು. ಆಮೇಲೆ ಒಬ್ಬ ಅಜ್ಜಿ, ಅವರ ಹೆಗಲಿಗೆ ಒರಗಿಕೊಂಡು ಅವರ ಮಗಳು. ಗಂಡನ ಜೊತೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವಳು, ಹೆರಿಗೆಗೆ ಅಂತ ತವರಿಗೆ ಬಂದು ನಾಲ್ಕೇ ದಿನವಾಗಿತ್ತು.

ತಾಯಿ ಕಾರ್ಡ್ ನೋಡಿ ಲೆಕ್ಕ ಹಾಕಿದೆ. 33 ವಾರ. ಕಾಲು ಊದಿದ್ದವು. ಬಿಪಿ 160/110, ಬಹಳ ಜಾಸ್ತಿ. ತಲೆ ಸಿಡಿಯುತ್ತಿದೆ ಅಂತ ನರಳುತ್ತಿದ್ದಳು. ಪರೀಕ್ಷೆ ಮಾಡಿದರೆ ಗರ್ಭದ ಬಾಯಿ ಪೂರ್ತಿ ತೆರೆದಿತ್ತು. ಇನ್ನು ಯಾದಗಿರಿಗೆ ಕಳಿಸಿದರೆ ದಾರಿಯಲ್ಲೇ ಹೆರಿಗೆ. 108ಕ್ಕೆ ಫೋನ್ ಮಾಡಿಸಿದೆ. ಡಾಕ್ಟರ್ ಫೋನಿನಲ್ಲಿ ಹೇಳಿದಂತೆ ಫಿಟ್ಸ್ ಬರದಿರಲಿ ಅಂತ ಮ್ಯಾಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟೆ. ಕೂಸಿನ ಶ್ವಾಸಕೋಶ ಬಲಿಯಲಿ ಅಂತ ಕೊಡುವ ಔಷಧಿ ಕೆಲಸ ಮಾಡಲು ಗಂಟೆಗಳೇ ಬೇಕು. ನಮ್ಮ ಹತ್ತಿರ ಅಷ್ಟು ಹೊತ್ತು ಇರಲಿಲ್ಲ.

"ಸಿಸ್ಟರ್, ಎಂಟರಾಗ ಹುಟ್ಟಿದ ಕೂಸು ಉಳಿಯಂಗಿಲ್ಲ ಅಂತಾರ. ಏಳರದ್ದಾದ್ರ ಉಳೀತಿತ್ತು" ಅಂತ ಅಜ್ಜಿ ಅಳತೊಡಗಿದರು.

"ಆಯಿ, ಅದು ಖರೆ ಅಲ್ಲ. ಹೊಟ್ಯಾಗ ಒಂದು ವಾರ ಜಾಸ್ತಿ ಇದ್ದಷ್ಟೂ ಕೂಸಿಗೆ ಛಲೋನ. ನೀವು ಅಳಬ್ಯಾಡ್ರಿ" ಅಂದೆ. ಈ ಮಾತು ನಮ್ಮ ಕಡೆ ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ಉಳಿಯುವುದೇ ಇಲ್ಲ ಅಂತ ಮೊದಲೇ ಕೈಬಿಟ್ಟರೆ ಆ ಕೂಸಿಗೆ ಯಾರು ಓಡಾಡುತ್ತಾರೆ?

ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ಹೆಣ್ಣು ಕೂಸು ಹುಟ್ಟಿತು. ಅಳಲಿಲ್ಲ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ, ಬೆನ್ನು ತಿಕ್ಕಿದೆ. ಮೊದಲು ಬಾಯಿ, ಆಮೇಲೆ ಮೂಗು ಸ್ವಚ್ಛ ಮಾಡಿದೆ. ಆದರೂ ಸುಮ್ಮನೆ. ಹುಟ್ಟಿದ ಮೊದಲ ನಿಮಿಷದೊಳಗೆ ಉಸಿರು ಕೊಡಬೇಕು ಅಂತ ತರಬೇತಿಯಲ್ಲಿ ಗೊಂಬೆಯ ಮೇಲೆ ನೂರು ಸಲ ಮಾಡಿದ್ದೆವು. ಹೊಕ್ಕುಳ ಬಳ್ಳಿ ಕತ್ತರಿಸಿ, ಪುಟ್ಟ ಮಾಸ್ಕ್ ಮುಖಕ್ಕೆ ಇಟ್ಟು ಬ್ಯಾಗ್ ಒತ್ತಿದೆ. ಒತ್ತು, ಎರಡು, ಮೂರು. ಒತ್ತು, ಎರಡು, ಮೂರು. ನಿಮಿಷಕ್ಕೆ ನಲವತ್ತರಿಂದ ಅರವತ್ತು ಸಲ. ಎದೆ ಏಳುತ್ತಿದೆಯಾ ಅನ್ನುವುದೊಂದೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕೂಸು ಒಂದು ಸಲ ಬಿಕ್ಕಿತು. ಆಮೇಲೆ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅತ್ತಿತು. ಆಶಾ ಕಣ್ಣು ಒರೆಸಿಕೊಂಡಳು. ತೂಕ 1,640 ಗ್ರಾಂ.

ಅಷ್ಟರಲ್ಲಿ ಕರೆಂಟ್ ಹೋಯಿತು. ಇನ್ವರ್ಟರ್‌ನಲ್ಲಿ ಬಲ್ಬ್ ಉರಿಯುತ್ತದೆ, ಕೂಸನ್ನು ಬೆಚ್ಚಗಿಡುವ ವಾರ್ಮರ್ ನಡೆಯುವುದಿಲ್ಲ.

ನನಗೆ ಹಳೆಯ ಒಂದು ರಾತ್ರಿ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತು. ಇಷ್ಟೇ ತೂಕದ ಕೂಸನ್ನು ಎರಡು ಟವೆಲ್‌ನಲ್ಲಿ ಸುತ್ತಿ ಆಂಬುಲೆನ್ಸ್‌ನಲ್ಲಿ ಕರೆದೊಯ್ದಿದ್ದೆ. ದಾರಿಯುದ್ದಕ್ಕೂ ಸುಮ್ನೆ ಮಲಗಿತ್ತು. ನಿದ್ದೆ ಮಾಡುತ್ತಿದೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಆಸ್ಪತ್ರೆಯಲ್ಲಿ ಟವೆಲ್ ಬಿಚ್ಚಿದಾಗ ಮೈ ಕಲ್ಲಿನಂತೆ ತಣ್ಣಗಿತ್ತು. ಅದು ನಿದ್ದೆ ಆಗಿರಲಿಲ್ಲ. ಆ ಕೂಸು ಉಳಿಯಲಿಲ್ಲ. ತಣ್ಣಗಾದ ಕೂಸು ಚಳಿ ಅಂತ ಅಳುವುದಿಲ್ಲ, ಹಾಲಿಗೂ ಅಳುವುದಿಲ್ಲ. ಇದ್ದ ಸಕ್ಕರೆಯನ್ನೆಲ್ಲ ಮೈ ಕಾಯಿಸಲಿಕ್ಕೇ ಖರ್ಚು ಮಾಡಿ ಸುಮ್ಮನಾಗುತ್ತದೆ. ಟವೆಲ್ ಇರುವ ಶಾಖವನ್ನು ತಡೆಯುತ್ತದೆ, ಹೊಸ ಶಾಖ ಕೊಡುವುದಿಲ್ಲ. ಅದಕ್ಕೆ ಇನ್ನೊಂದು ಬಿಸಿ ಮೈ ಬೇಕು.

108 ಬಂತು. ತಾಯಿ ಸ್ಟ್ರೆಚರ್ ಮೇಲೆ, ಅರೆ ಮಂಪರಿನಲ್ಲಿ. ನಾನು ಅವಳ ಬಿಪಿ, ರಕ್ತಸ್ರಾವ ನೋಡುತ್ತಿರಬೇಕು. ಕೂಸಿಗೆ ಯಾರು?

"ಆಯಿ, ಕುಪ್ಪಸದ ಗುಂಡಿ ಬಿಚ್ರಿ. ಕೂಸನ್ನ ಎದಿಗೆ ಹಚ್ಕೋರಿ."

ಅಜ್ಜಿ ಹಿಂದೆ ಸರಿದರು. "ನಂದು ಹೊಲದಾಗ ಹತ್ತಿ ಬಿಡಿಸಿ ಬಂದ ಮೈ ಅದ ಯವ್ವಾ. ಮೈಲಿಗಿ ಆಗ್ತದ."

"ಏನೂ ಆಗಂಗಿಲ್ಲ ಆಯಿ. ಈಗ ನಿಮ್ಮ ಮೈನ ಅದಕ್ಕ ಮಷೀನು."

ಒದ್ದೆ ಬಟ್ಟೆಯಿಂದ ಎದೆ ಒರೆಸಿ, ಒಣಗಿಸಿ ಕೂತರು. ಕೂಸಿಗೆ ಕುಂಚಿಗೆ, ಕಾಲುಚೀಲ, ಲಂಗೋಟಿ ಅಷ್ಟೇ. ಎದೆಯ ನಡುವೆ ಕಪ್ಪೆಯಂತೆ ಕಾಲು ಮಡಚಿ ನೆಟ್ಟಗೆ ಇಟ್ಟೆ. ಉಸಿರಿಗೆ ಅಡ್ಡಿಯಾಗದಂತೆ ಮುಖ ಒಂದು ಬದಿಗೆ. ಮೇಲೆ ಅವರದೇ ಸೀರೆಯ ಸೆರಗು ಬಿಗಿಯಾಗಿ ಸುತ್ತಿ, ಕೌದಿ ಹೊದಿಸಿದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರುಗಳು ಶುರು ಮಾಡಿದ ದಾರಿ ಇದು. ಕಾಂಗರೂ ಆರೈಕೆ ಅಂತೀವಿ. ಎಷ್ಟೋ ದೂರದ ಆ ಊರಿನವರನ್ನು ಆ ರಾತ್ರಿ ಮನಸಾರೆ ನೆನೆದೆ.

ದಾರಿಯಲ್ಲಿ ಅಜ್ಜಿ ಮೆಲ್ಲಗೆ ಕೇಳಿದರು. "ರೊಕ್ಕ ಎಷ್ಟಾಗ್ತದ?" 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿಯ ಚಿಕಿತ್ಸೆಗೂ ಕಾಯಿಲೆ ಬಿದ್ದ ಹಸುಗೂಸಿನ ಚಿಕಿತ್ಸೆಗೂ ನೀವು ದುಡ್ಡು ಕಟ್ಟಬೇಕಿಲ್ಲ ಅಂದೆ. ಅವರ ಭುಜ ಸಡಿಲವಾಯಿತು. ಅವರಿಗೆ ಎಲ್ಲಕ್ಕಿಂತ ಜಾಸ್ತಿ ಅದೇ ಚಿಂತೆ ಇತ್ತು ಅಂತ ಆಗ ತಿಳಿಯಿತು.

ಆಗಾಗ ಕೌದಿಯೊಳಗೆ ಕೈ ಹಾಕಿ ಮುಟ್ಟುತ್ತಿದ್ದೆ. ಹಿಂಗೈಯಿಂದ ಮೊದಲು ಹೊಟ್ಟೆ, ಆಮೇಲೆ ಕಾಲುಚೀಲ ಸರಿಸಿ ಅಂಗಾಲು. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸಿಗೆ ಚಳಿ ಹತ್ತಿದೆ ಅಂತ. ಎರಡೂ ತಣ್ಣಗಾದರೆ ಜೀವಕ್ಕೇ ಕುತ್ತು. ಹೊರಟಾಗ ಅಂಗಾಲು ತಣ್ಣಗಿತ್ತು. ಸ್ವಲ್ಪ ದೂರ ಹೋದ ಮೇಲೂ ತಣ್ಣಗೇ ಇತ್ತು. ಅಜ್ಜಿಗೆ ಹೇಳಲಿಲ್ಲ. ಕಿಟಕಿಯ ಸಂದಿಗೆ ಬಟ್ಟೆ ತುರುಕಿದೆ, ಸೆರಗು ಇನ್ನಷ್ಟು ಬಿಗಿ ಮಾಡಿದೆ. ಭೀಮಾ ನದಿಯ ಸೇತುವೆ ಮೇಲೆ ಮತ್ತೆ ಕೈ ಹಾಕಿದೆ. ಬೆಚ್ಚಗಿತ್ತು. ನಂಬಿಕೆ ಬರಲಿಲ್ಲ, ಇನ್ನೊಂದು ಕಾಲೂ ಮುಟ್ಟಿದೆ.

ಯಾದಗಿರಿ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಅಳೆದಾಗ ಕೂಸಿನ ಮೈ ಶಾಖ 36.6 ಡಿಗ್ರಿ ಸೆಲ್ಸಿಯಸ್. 36.5ರ ಮೇಲಿರಬೇಕು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ.

ಮುಂದಿನದೆಲ್ಲ ಅಲ್ಲಿನವರ ಶ್ರಮ. ತಾಯಿಯ ಬಿಪಿ ಇಳಿಯಿತು. ಅವಳು ಹಿಂಡಿಕೊಟ್ಟ ಹಾಲನ್ನು ಮೊದಲು ನಳಿಗೆಯಿಂದ, ಆಮೇಲೆ ಒಳಲೆಯಿಂದ ಕುಡಿಸಿದರು. ಬೆಂಗಳೂರಿನಿಂದ ಬಂದ ಅಪ್ಪನ ಎದೆಯ ಮೇಲೂ ಕೂಸನ್ನು ಹಾಕಿದರಂತೆ. ಅವನು ನಾಚಿಕೊಂಡು ಅಂಗಿ ಬಿಚ್ಚಿದ್ದನ್ನು ಅಜ್ಜಿ ನನಗೆ ಎರಡೆರಡು ಸಲ ಹೇಳಿದರು.

ಇದನ್ನೆಲ್ಲ ಹೇಳಿದ್ದು ಒಂದು ಗುರುವಾರ, ಲಸಿಕೆ ದಿನ. ಕೂಸು 2,300 ಗ್ರಾಂ ಆಗಿತ್ತು. ಸಾಲಿನಲ್ಲಿ ಇನ್ನೊಬ್ಬ ಹಸಿ ಬಾಣಂತಿ ಮಡಿಲಲ್ಲಿ ಸಣ್ಣ ಕೂಸು ಇಟ್ಟುಕೊಂಡು, "ನಮ್ಮದು ಭಾಳ ಶಾಣ್ಯಾ ಅದ, ಅಳಂಗೇ ಇಲ್ಲ, ಸುಮ್ನ ಮಲಗಿರ್ತದ" ಅಂದಳು. ನಾನು ಸಿರಿಂಜು ಕೆಳಗಿಟ್ಟು ಏಳುವಷ್ಟರಲ್ಲಿ ಅಜ್ಜಿಯ ಕೈ ಆ ಕೂಸಿನ ಅಂಗಾಲಿನ ಮೇಲಿತ್ತು.