ತೋಟದ ದಾರಿ, ಟ್ರೇಲರು, ಮುಸ್ಸಂಜೆ: ಮೊದಲು ಎರಡನೇ ಕಲಂ ನೋಡಿ

ಅಪಘಾತದ ಫೈಲು ಕೈಗೆ ಬಂದ ಕೂಡಲೇ ಹೊಸ ವಕೀಲರು ಹುಡುಕುವುದು ಶಿಕ್ಷೆ ಹೇಳುವ ಕಲಂಗಳನ್ನು. ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಯಾವುದು, ಕುಡಿದು ಓಡಿಸಿದ್ದಕ್ಕೆ ಯಾವುದು, ಹೆಲ್ಮೆಟ್ ಇಲ್ಲದ್ದಕ್ಕೆ ಎಷ್ಟು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಪರಿಹಾರದ ಕೇಸುಗಳಲ್ಲಿ ವಿಮಾ ಕಂಪನಿಯ ವಕೀಲರು ಹಿಡಿಯುವ ಜಾಗ ಅದಲ್ಲ. ಅವರು 1988ರ ಮೋಟಾರು ವಾಹನ ಕಾಯ್ದೆಯ ಎರಡನೇ ಕಲಂ ಓದಿಕೊಂಡು ಬಂದಿರುತ್ತಾರೆ. ಅದು ಬರೀ ಪದಗಳ ಅರ್ಥ ಹೇಳುವ ಕಲಂ, ಯಾರಿಗೂ ದಂಡ ಹಾಕುವುದಿಲ್ಲ. ಆದರೆ ಊರಿನ ಬಾಯಲ್ಲಿ ರಸ್ತೆ, ಗಾಡಿ, ಡ್ರೈವರು, ಲೋಡು ಅಂದರೆ ಏನೋ, ಕಾಯ್ದೆಯಲ್ಲಿ ಅಷ್ಟೇ ಅಲ್ಲ. ಈ ವ್ಯತ್ಯಾಸ ಮಹಜರು ಬರೆಯುವ ಹೊತ್ತಿಗೇ ತಲೆಯಲ್ಲಿರಬೇಕು. ಪಾಟೀಸವಾಲಿನ ದಿನ ನೆನಪಾದರೆ ಏನೂ ಮಾಡಲಿಕ್ಕಾಗುವುದಿಲ್ಲ.

ಓದುವ ಕ್ರಮ ಒಂದಿದೆ. ವ್ಯಾಖ್ಯೆಯಲ್ಲಿ 'ಎಂದರೆ' ಎಂದಿದ್ದರೆ ಬೇಲಿ ಹಾಕಿದ ಹಾಗೆ, ಹೇಳಿದ್ದಷ್ಟೇ ಒಳಗೆ. 'ಒಳಗೊಳ್ಳುತ್ತದೆ' ಎಂದಿದ್ದರೆ ಮಾಮೂಲಿ ಅರ್ಥ ಹಾಗೇ ಇದ್ದು, ಮೇಲೆ ಇನ್ನಷ್ಟು ಸೇರಿತು ಎಂದು. ಕಲಂ ಶುರುವಾಗುವುದೇ 'ಸಂದರ್ಭ ಬೇರೆ ಅರ್ಥವನ್ನು ಬೇಡದ ಹೊರತು' ಎಂಬ ಮಾತಿನಿಂದ. ಎದುರು ಪಕ್ಷದವರು ಇದನ್ನು ಮರೆಯುವುದಿಲ್ಲ, ನಾವೂ ಮರೆಯಬಾರದು.

ಮಲೆನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ತಕರಾರು ಹುಟ್ಟಿಸುವ ಪದ 'ಸಾರ್ವಜನಿಕ ಸ್ಥಳ', ಅಂದರೆ ಎರಡನೇ ಕಲಮಿನ 34ನೇ ವ್ಯಾಖ್ಯೆ, 2(34). ಇಲ್ಲಿಯ ಮನೆಗಳು ಬಯಲುಸೀಮೆಯಂತೆ ಬೀದಿಗೆ ತಾಗಿಕೊಂಡಿಲ್ಲ. ಡಾಂಬರು ರಸ್ತೆಯಿಂದ ಕವಲೊಡೆದ ಮಣ್ಣುದಾರಿ, ಒಂದು ದಣಪೆ ಅಥವಾ ಉಣುಗೋಲು, ಅದನ್ನು ಸರಿಸಿ ಒಳಗೆ ಹೋದರೆ ತೋಟ, ಅದರಾಚೆ ಅಂಗಳ. ಅಡಿಕೆ ಕೊನೆ ತುಂಬಿದ ಪಿಕಪ್ ಹಿಮ್ಮುಖ ಬರುವಾಗ ಆಳಿಗೆ ಬಡಿದದ್ದು ಈ ಮಣ್ಣುದಾರಿಯಲ್ಲಿ ಅಂತಿಟ್ಟುಕೊಳ್ಳಿ. ಮೂರನೆಯವರಿಗೆ ಆದ ಹಾನಿಗೆ ಕಾಯ್ದೆ ಕಡ್ಡಾಯ ಮಾಡಿರುವ ವಿಮೆ, ಅಂದರೆ 146 ಮತ್ತು 147ನೇ ಕಲಂ, ಮಾತಾಡುವುದು ಸಾರ್ವಜನಿಕ ಸ್ಥಳದಲ್ಲಿ ವಾಹನ ಬಳಸಿದ್ದರ ಬಗ್ಗೆ. ಮಹಜರಿನಲ್ಲಿ 'ತೋಟದ ಖಾಸಗಿ ರಸ್ತೆ' ಎಂದು ಒಂದು ಪದ ಬಿದ್ದರೆ ಸಾಕು, ಆಕ್ಷೇಪಣೆಯ ಮೊದಲ ಪ್ಯಾರಾ ಸಿದ್ಧ.

ವ್ಯಾಖ್ಯೆಯನ್ನು ನಿಧಾನವಾಗಿ ಓದಿ. ರಸ್ತೆ, ಬೀದಿ, ದಾರಿ ಅಥವಾ ಬೇರೆ ಸ್ಥಳ. ಅದು ಹಾದುಹೋಗುವ ಮಾರ್ಗವಾಗಿರಲಿ, ಇಲ್ಲದಿರಲಿ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರಬೇಕು. ಮೇಲಿಂದ ಸ್ಟೇಜ್ ಕ್ಯಾರಿಯೇಜ್, ಅಂದರೆ ತಲೆಗಿಷ್ಟು ಟಿಕೆಟ್ ಪಡೆದು ಓಡುವ ಬಸ್ಸು, ಜನರನ್ನು ಹತ್ತಿಸಿ ಇಳಿಸುವ ಯಾವುದೇ ಸ್ಥಳ ಅಥವಾ ನಿಲ್ದಾಣವೂ ಸೇರುತ್ತದೆ. ಹಾಗಾಗಿ ದಾರಿ ಒಂಟಿ ಮನೆಯ ಹತ್ತಿರ ಮುಗಿದುಹೋಗುತ್ತದೆ ಎಂಬುದು ವಾದವೇ ಅಲ್ಲ. ಜಮೀನು ಯಾರ ಹೆಸರಿನಲ್ಲಿದೆ ಎಂಬುದೂ ವ್ಯಾಖ್ಯೆಯಲ್ಲಿ ಇಲ್ಲ. ಪ್ರಶ್ನೆ ಪ್ರವೇಶದ್ದು. ಬಾಂಬೆ ಹೈಕೋರ್ಟಿನ ಪೂರ್ಣಪೀಠ 1988ರಲ್ಲಿ ಪಾಂಡುರಂಗ ಚಿಮಾಜಿ ಅಗಳೆ ಪ್ರಕರಣದಲ್ಲಿ ಇದನ್ನು ಇನ್ನೂ ಅಗಲ ಮಾಡಿತು: ಪ್ರವೇಶ ಅನುಮತಿಯ ಮೇಲಿರಬಹುದು, ಪಾಸು ಅಥವಾ ಟಿಕೆಟಿನ ಮೇಲಿರಬಹುದು, ಸೀಮಿತವಾಗಿರಬಹುದು, ಆದರೂ ಅದು ಸಾರ್ವಜನಿಕ ಸ್ಥಳವಾಗಬಲ್ಲದು. ಅಡಿಕೆ ಮಂಡಿಯ ಪ್ರಾಂಗಣ, ಅಕ್ಕಿ ಗಿರಣಿಯ ಅಂಗಳ, ಪೆಟ್ರೋಲ್ ಬಂಕು, ದೇವಸ್ಥಾನದ ಪಾರ್ಕಿಂಗು, ಇವೆಲ್ಲಕ್ಕೂ ಈ ದಾರಿಯಲ್ಲೇ ವಾದ ಕಟ್ಟಬೇಕು.

ವಾದ ನಿಲ್ಲುವುದು ಮಾತ್ರ ಸಂಗತಿಯ ಮೇಲೆ. ಸ್ಥಳಕ್ಕೆ ಹೋದಾಗ ಬರೆದುಕೊಳ್ಳಬೇಕಾದ್ದು ಇದು. ದಣಪೆಗೆ ಬೀಗವಿತ್ತೇ, ಅಥವಾ ದನ ಒಳಗೆ ಬರದಿರಲೆಂದು ಇಟ್ಟ ಗಳುವೇ? ಅದರಾಚೆ ಎಷ್ಟು ಮನೆ, ಮನೆಯವರೆಲ್ಲ ಒಂದೇ ಕುಟುಂಬದವರೇ? ಡೇರಿಗೆ ಹಾಲು ಹೊತ್ತವರು, ಶಾಲೆಯ ವ್ಯಾನು, ಅಂಚೆಯವರು, ಗ್ಯಾಸ್ ಸಿಲಿಂಡರಿನ ಗಾಡಿ ಅದೇ ದಾರಿಯಲ್ಲಿ ಬರುತ್ತಾರೆಯೇ? ಜಲ್ಲಿ ಹಾಕಿಸಿದ್ದು ಗ್ರಾಮ ಪಂಚಾಯಿತಿಯೇ, ಮನೆಯವರೇ? ಗ್ರಾಮನಕಾಶೆಯಲ್ಲಿ ಬಂಡಿದಾರಿ ಅಥವಾ ಕಾಲುದಾರಿಯ ಗೆರೆ ಇದೆಯೇ? ಪಂಚಾಯಿತಿಯಿಂದ ರಸ್ತೆಯ ದೃಢೀಕರಣ, ನಕಾಶೆಯ ಪ್ರತಿ, ದಣಪೆ ಕಾಣುವಂತೆ ಎರಡೂ ಕಡೆಯಿಂದ ಫೋಟೊ, ಇಷ್ಟು ಫೈಲಿನಲ್ಲಿದ್ದರೆ 'ಖಾಸಗಿ' ಎಂಬ ಪದಕ್ಕೆ ಉತ್ತರ ಇದೆ. ಪಂಚರ ಸಹಿ ಬೀಳುವ ಮೊದಲೇ ಆ ಪದ ಕಂಡರೆ, ತೆಗೆಸಲು ಹೋಗುವುದಕ್ಕಿಂತ 'ಊರವರು ಓಡಾಡುವ ದಾರಿ' ಎಂದು ಇದ್ದದ್ದನ್ನು ಸೇರಿಸಿಕೊಳ್ಳಿ ಎಂದು ಕೇಳುವುದು ಒಳ್ಳೆಯದು. ಇಲ್ಲದ್ದನ್ನು ಸೇರಿಸಿದರೆ ಸ್ಕೆಚ್ಚಿಗೂ ಮಹಜರಿಗೂ ತಾಳೆಯಾಗದೆ ಇಡೀ ಕೇಸು ಅನುಮಾನಕ್ಕೆ ಬೀಳುತ್ತದೆ.

ಎಲ್ಲ ಕಲಮಿಗೂ 'ಸಾರ್ವಜನಿಕ ಸ್ಥಳ' ಎಂಬ ಪದವೇ ಬೇಕು ಎಂದುಕೊಳ್ಳುವುದು ಇನ್ನೊಂದು ತಪ್ಪು. ಲೈಸೆನ್ಸ್ ಬೇಕೆನ್ನುವ ಮೂರನೇ ಕಲಂ ಸಾರ್ವಜನಿಕ ಸ್ಥಳ ಎನ್ನುತ್ತದೆ. ನೋಂದಣಿ ಬೇಕೆನ್ನುವ 39ನೇ ಕಲಂ 'ಸಾರ್ವಜನಿಕ ಸ್ಥಳದಲ್ಲಿ ಅಥವಾ ಬೇರೆ ಯಾವುದೇ ಸ್ಥಳದಲ್ಲಿ' ಎನ್ನುತ್ತದೆ. ತೋಟದೊಳಗೆ ಗೊಬ್ಬರ ಸಾಗಿಸಲು ಮಾತ್ರ ಇಟ್ಟುಕೊಂಡ, ನಂಬರಿಲ್ಲದ ಹಳೇ ಜೀಪಿನವರು 'ನಾವು ರಸ್ತೆಗೇ ಇಳಿಸುವುದಿಲ್ಲ' ಎನ್ನುವುದುಂಟು. 39ನೇ ಕಲಮಿನ ಮುಂದೆ ಆ ಮಾತು ನಿಲ್ಲುವುದಿಲ್ಲ. ಹಾಗೆಯೇ ಭಾರತೀಯ ನ್ಯಾಯ ಸಂಹಿತೆಯ 281 ಕೇಳುವುದು 'ಸಾರ್ವಜನಿಕ ಮಾರ್ಗ', ಅಲ್ಲಿ ಇರುವುದು 'ಯಾವುದೇ ವಾಹನ', ಮೋಟಾರು ಇರಲೇಬೇಕೆಂದಿಲ್ಲ, ಎತ್ತಿನಗಾಡಿಯೂ ಆದೀತು. ಸ್ವಂತ ಅಂಗಳದಲ್ಲಿ ನಡೆದ ಸಾವಿಗೆ 281 ಹೊಂದದಿದ್ದರೂ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವ 106, ಪ್ರಾಣಕ್ಕೆ ಅಪಾಯ ತರುವ 125, ಎರಡಕ್ಕೂ ಸ್ಥಳದ ಷರತ್ತಿಲ್ಲ. ಚಾರ್ಜ್‌ಶೀಟಿನಲ್ಲಿ 281 ಬಿದ್ದುಹೋಯಿತೆಂದು ಉಳಿದವೂ ಹೋದವು ಎಂದು ಕಕ್ಷಿದಾರರಿಗೆ ಹೇಳಿಬಿಡಬೇಡಿ.

ಇನ್ನು ಟ್ರ್ಯಾಕ್ಟರು. 2(44)ರ ಪ್ರಕಾರ ಟ್ರ್ಯಾಕ್ಟರು ಎಂದರೆ ತಾನೇ ಯಾವ ಹೊರೆಯನ್ನೂ ಹೊರಲು ಕಟ್ಟಿದ್ದಲ್ಲದ ಮೋಟಾರು ವಾಹನ. ಹೊರೆ ಹೊರುವುದು ಟ್ರೇಲರು, ಅದಕ್ಕೆ 2(46)ರಲ್ಲಿ ಬೇರೆಯೇ ವ್ಯಾಖ್ಯೆ. 'ಮೋಟಾರು ವಾಹನ' ಎಂಬ 2(28)ರಲ್ಲಿ ಟ್ರೇಲರಿನ ಹೆಸರೂ ಇದೆ. ಎಂಜಿನ್ ಇಲ್ಲದಿದ್ದರೂ ಕಾಯ್ದೆಯ ಕಣ್ಣಿಗೆ ಅದು ವಾಹನವೇ. ಆದ್ದರಿಂದ ಕೊಕ್ಕೆಗೆ ಸಿಕ್ಕಿಸಿದ ಎರಡಕ್ಕೂ ಬೇರೆ ಬೇರೆ ನೋಂದಣಿ, ಬೇರೆ ಬೇರೆ ವಿಮೆ. ಕೆಡುವುದು ಇಲ್ಲಿಯೇ: ಎಫ್‌ಐಆರಿನಲ್ಲಿ ಮುಂದಿನ ಎಂಜಿನ್ನಿನ ಕೆಎ-14 ಅಥವಾ ಕೆಎ-15 ನಂಬರು ಮಾತ್ರ ಇರುತ್ತದೆ, ಟ್ರೇಲರಿನ ಫಲಕ ಕೆಸರಲ್ಲಿ ಮುಚ್ಚಿಹೋಗಿರುತ್ತದೆ ಅಥವಾ ಇರುವುದೇ ಇಲ್ಲ. ವಾಹನ ನಿರೀಕ್ಷಕರ ವರದಿಯಲ್ಲಿ ಎರಡೂ ನಂಬರು ಇದೆಯೇ ನೋಡಿ. ಇಲ್ಲದಿದ್ದರೆ ಠಾಣೆಗೆ ಲಿಖಿತವಾಗಿ ಕೇಳಿ. ಟ್ರೇಲರಿನ ವಿಮಾದಾರರನ್ನು ಪ್ರತಿವಾದಿ ಮಾಡದೆ ಅರ್ಜಿ ಹಾಕಿ, ಎರಡು ವರ್ಷ ಬಿಟ್ಟು ಸೇರಿಸಲು ಓಡಾಡುವ ಕೇಸುಗಳಿಗೆ ಲೆಕ್ಕವಿಲ್ಲ.

ಟ್ರ್ಯಾಕ್ಟರಿನ ಬಗ್ಗೆ ಕರ್ನಾಟಕದಿಂದಲೇ ಹೋದ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. 2001ರ ನಾಗಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಇರುವವನು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವನಾಗುವುದಿಲ್ಲ ಎಂದಿತು. 2005ರ ನಟ್ವರ್ ಪಾರಿಖ್ ಪ್ರಕರಣದಲ್ಲಿ ಟ್ರ್ಯಾಕ್ಟರ್-ಟ್ರೇಲರ್ ಜೋಡಿ 2(14)ರ ಸರಕು ವಾಹನ, ಆ ಮೂಲಕ ಸಾರಿಗೆ ವಾಹನ ಎಂದಿತು. ಮೊದಲನೆಯದು ಲೈಸೆನ್ಸಿನ ಪ್ರಶ್ನೆ, ಎರಡನೆಯದು ಪರ್ಮಿಟ್ಟಿನದ್ದು. ಸ್ವಂತ ಗದ್ದೆಯ ಭತ್ತ ತರುವವರಿಗೂ ಬಾಡಿಗೆಗೆ ಮರಳು ಹೊಡೆಯುವವರಿಗೂ ವ್ಯತ್ಯಾಸ ಹುಟ್ಟುವುದು ಈ ಎರಡನೆಯದರಿಂದ, ಪಾಲಿಸಿಯಲ್ಲಿ 'ಕೃಷಿ ಉದ್ದೇಶಕ್ಕೆ ಮಾತ್ರ' ಎಂಬ ಸಾಲು ಇದ್ದರಂತೂ ಇನ್ನಷ್ಟು.

ಮೂಟೆಗಳ ಮೇಲೆ ಕೂತವರ ಪಾಡು ಎಲ್ಲಕ್ಕಿಂತ ಕಷ್ಟದ್ದು. 2(13)ರಲ್ಲಿ 'ಸರಕು' ಎಂಬುದು ಜಾನುವಾರು ಸೇರಿ ವಾಹನ ಹೊರುವ ಬಹುತೇಕ ಎಲ್ಲವನ್ನೂ ಒಳಗೊಳ್ಳುತ್ತದೆ, ಜೀವಂತ ಮನುಷ್ಯರ ಹೊರತು. ಕರು ಸರಕು, ಕರು ಹಿಡಿದು ಹಿಂದೆ ಕೂತವನು ಸರಕಲ್ಲ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ 147ನೇ ಕಲಂ ವಿಮೆಯ ಆಸರೆ ಕೊಡುತ್ತದೆ. ಆದರೆ ಅವನು ಕ್ಯಾಬಿನ್ನಿನಲ್ಲಿ ಕೂತಿರಬೇಕು ಎಂದು ಸುಪ್ರೀಂ ಕೋರ್ಟು ಹೇಳಿದೆ. ಬಾಡಿಗೆಯಿಲ್ಲದೆ 'ಪೇಟೆವರೆಗೆ ಬರ್ತೀನಿ' ಎಂದು ಹತ್ತಿದವರ ಹೊಣೆ ವಿಮಾ ಕಂಪನಿಯದ್ದಲ್ಲ ಎಂಬುದು 2003ರ ಆಶಾ ರಾಣಿ ತೀರ್ಪಿನಿಂದ ಗಟ್ಟಿಯಾಯಿತು. ಹಾಗಾಗಿ ಗಾಯಾಳುವಿನ ಮೊದಲ ಹೇಳಿಕೆ ತೆಗೆದುಕೊಳ್ಳುವಾಗಲೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಮೂಟೆ ಯಾರದ್ದು? ಕೂತದ್ದು ಎಲ್ಲಿ? ಕೂಲಿ ಕೊಡುತ್ತಿದ್ದವರು ಯಾರು, ವಾಹನದ ಮಾಲೀಕರೇ ಅಥವಾ ತೋಟದವರೇ? ಬಾಡಿಗೆ ಕೊಟ್ಟಿದ್ದರೆ ಚೀಟಿ ಇದೆಯೇ? ಮಂಡಿಯ ತೂಕದ ಚೀಟಿಯಲ್ಲಿ ಹೆಸರಿದ್ದರೆ ಅದನ್ನು ಅಂದೇ ಪಡೆಯಿರಿ.

'ರಾತ್ರಿ' ಎಂಬ ಪದವನ್ನು ಗಡಿಯಾರ ನೋಡಿ ಬರೆಯುವ ಅಭ್ಯಾಸ ಹೋಗಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮ 105ರಲ್ಲಿ ದೀಪ ಹಚ್ಚಬೇಕಾದ ಹೊತ್ತು ಸೂರ್ಯಾಸ್ತದ ಅರ್ಧ ಗಂಟೆ ನಂತರದಿಂದ ಸೂರ್ಯೋದಯದ ಅರ್ಧ ಗಂಟೆ ಮೊದಲಿನವರೆಗೆ. ಶಿವಮೊಗ್ಗದಲ್ಲಿ ಡಿಸೆಂಬರಿನ ಸೂರ್ಯ ಸಂಜೆ ಆರರ ಹೊತ್ತಿಗೆ, ಜೂನಿನ ಸೂರ್ಯ ಏಳರ ಹತ್ತಿರ ಮುಳುಗುತ್ತಾನೆ. ಹೀಗಾಗಿ 6.45 ಎಂಬ ಒಂದೇ ಸಮಯ ಒಂದು ತಿಂಗಳಲ್ಲಿ ಕತ್ತಲೆ, ಇನ್ನೊಂದು ತಿಂಗಳಲ್ಲಿ ಹಗಲು. ನಿಯಮದಲ್ಲಿ ಇನ್ನೊಂದು ತುಂಡು ಇದೆ, ಮಲೆನಾಡಿಗೆಂದೇ ಬರೆದಂತಿದೆ: ಸಾಕಷ್ಟು ಬೆಳಕಿಲ್ಲದ ಯಾವುದೇ ಹೊತ್ತು. ದೀಪದ ಬೆಳಕಿನಲ್ಲಿ 155 ಮೀಟರ್ ಮುಂದಿನ ಮನುಷ್ಯರು, ವಾಹನಗಳು ಸ್ಪಷ್ಟವಾಗಿ ಕಾಣಬೇಕು. ಆಷಾಢದಲ್ಲಿ ಆಗುಂಬೆ ಘಾಟಿಯಲ್ಲಿ ಮಟಮಟ ಮಧ್ಯಾಹ್ನವೇ ಮೋಡ ರಸ್ತೆಗೆ ಇಳಿದು ಹತ್ತು ಮಾರು ಆಚೆಯ ತಿರುವು ಕಾಣದಿರುವುದುಂಟು. ಆಗ ದೀಪ ಹಾಕದೆ ಇಳಿದ ಕಾರಿನವರು 'ಹಗಲು, ದೀಪ ಯಾಕೆ' ಎಂದರೆ ನಿಯಮದ ಎರಡನೇ ತುಂಡು ತೋರಿಸಿ. ಆದರೆ ಅಂದಿನ ಮಂಜು ಮಹಜರಿನಲ್ಲಿ ಇರಬೇಕು. ಮಹಜರು ಮಾರನೇ ದಿನ ಬಿಸಿಲಲ್ಲಿ ಬರೆದಿದ್ದರೆ ಅದರಲ್ಲಿ ಮಂಜು ಎಲ್ಲಿಂದ ಬರಬೇಕು? ಹಿಂದೆ ಬಂದ ಬಸ್ಸಿನ ಚಾಲಕರ ಹೇಳಿಕೆ, ಸ್ಥಳದಲ್ಲೇ ತೆಗೆದ ಮೊಬೈಲ್ ಫೋಟೊ, ಇವನ್ನೇ ಹಿಡಿಯಬೇಕು.

ಘಾಟಿಯ ವಿಷಯ ಬಂದಿದ್ದರಿಂದ ಹೇಳಿಬಿಡುತ್ತೇನೆ: ಎರಡು ವಾಹನ ಹಾಯಲು ಜಾಗವಿಲ್ಲದ ಕಡಿದಾದ ರಸ್ತೆಯಲ್ಲಿ ಏರುವವರಿಗೆ ಇಳಿಯುವವರು ದಾರಿ ಬಿಡಬೇಕು. ಇದು ಸೌಜನ್ಯವಲ್ಲ, ನಿಯಮ. ಸ್ಕೆಚ್ಚಿನಲ್ಲಿ ರಸ್ತೆಯ ಅಗಲ ಬರೆಯುತ್ತಾರೆ, ಯಾವ ಕಡೆ ಏರು ಎಂಬ ಬಾಣ ಮಾತ್ರ ಹಾಕುವುದಿಲ್ಲ. ಕೇಳಿ ಹಾಕಿಸಿ.

ಉಳಿದವು ಬೇಗ ಮುಗಿಯುತ್ತವೆ. 'ಚಾಲಕ', 2(9): ಕೆಟ್ಟುನಿಂತ ಜೀಪಿಗೆ ಹಗ್ಗ ಕಟ್ಟಿ ಎಳೆಯುವಾಗ ಹಿಂದಿನ ಜೀಪಿನ ಸ್ಟೇರಿಂಗ್ ಹಿಡಿದವರೂ ಚಾಲಕರೇ. ಎಂಜಿನ್ ಆಫ್ ಆಗಿದೆಯೆಂದು ಮನೆಯ ಹುಡುಗನನ್ನು ಕೂರಿಸುವಂತಿಲ್ಲ. 'ಲಘು ಮೋಟಾರು ವಾಹನ', 2(21): ಮಿತಿ 7,500 ಕಿಲೋ, ಆದರೆ ಸಾರಿಗೆ ವಾಹನಕ್ಕೆ ನೋಡುವುದು ಹೊರೆ ಸಹಿತ ನೋಂದಾಯಿತ ತೂಕ, ಕಾರು ಮತ್ತು ಟ್ರ್ಯಾಕ್ಟರಿಗೆ ಖಾಲಿ ತೂಕ. ಆರ್‌ಸಿಯಲ್ಲಿ ಎರಡೂ ಅಂಕಿ ಅಕ್ಕಪಕ್ಕ ಇರುತ್ತವೆ, ಅದಲು ಬದಲು ಓದುವವರೇ ಹೆಚ್ಚು. ಈ ಮಿತಿಯೊಳಗಿನ ಸರಕು ವಾಹನವನ್ನು ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ರಂಭಾ ದೇವಿ ಪ್ರಕರಣದಲ್ಲಿ ಹೇಳಿದ ಮೇಲೆ ಪಿಕಪ್ ಕೇಸುಗಳಲ್ಲಿ 'ಚಾಲಕರಿಗೆ ಸಾರಿಗೆ ವಾಹನದ ಪ್ರತ್ಯೇಕ ಲೈಸೆನ್ಸ್ ಇಲ್ಲ' ಎಂಬ ಹಳೇ ಆಕ್ಷೇಪಣೆಯ ಬಲ ಹೋಗಿದೆ. 'ಮ್ಯಾಕ್ಸಿಕ್ಯಾಬ್', 2(22): ಚಾಲಕರನ್ನು ಬಿಟ್ಟು ಆರಕ್ಕಿಂತ ಹೆಚ್ಚು, ಹನ್ನೆರಡಕ್ಕೆ ಮೀರದ ಜನ. ದಾರಿಯುದ್ದಕ್ಕೂ ಕೈ ತೋರಿಸಿದವರನ್ನು ಹತ್ತಿಸಿ ತಲೆಗಿಷ್ಟು ಎಂದು ತೆಗೆದುಕೊಂಡರೆ ಅದು ಮಾಡುತ್ತಿರುವುದು 2(40)ರ ಸ್ಟೇಜ್ ಕ್ಯಾರಿಯೇಜ್ ಕೆಲಸ, ಪರ್ಮಿಟ್ ಮುರಿದ ವಾದಕ್ಕೆ ಬಾಗಿಲು ತೆರೆದ ಹಾಗೆ.

ಕೊನೆಗೆ 'ಮಾಲೀಕ', 2(30). ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರು. ಸಾಲ, ಗುತ್ತಿಗೆಯ ಒಪ್ಪಂದವಿದ್ದರೆ ಆ ಒಪ್ಪಂದದಡಿ ವಾಹನ ವಶದಲ್ಲಿರುವವರು. ದುಡ್ಡು ಎಣಿಸಿ ಬೈಕು ಕೊಟ್ಟವರು ಮಾಲೀಕತ್ವ ಮುಗಿಯಿತೆಂದು ತಿಳಿದಿರುತ್ತಾರೆ. ಬೈಕು ಮೂರು ಕೈ ದಾಟಿ ಅಪಘಾತವಾದ ಮೇಲೆ ನೋಟಿಸು ಬರುವುದು ಮೊದಲನೆಯವರಿಗೆ. ಸುಪ್ರೀಂ ಕೋರ್ಟಿನ 2018ರ ನವೀನ್ ಕುಮಾರ್ ತೀರ್ಪು ಅದನ್ನೇ ಹೇಳಿದೆ. ರಾಜ್ಯದೊಳಗಿನ ಮಾರಾಟವಾದರೆ 50ನೇ ಕಲಮಿನಂತೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಮರೆಯುವುದು ಇಲ್ಲಿನ ರೂಢಿ. ಬದಲಿಗೆ ಫಾರಂ 29ರಲ್ಲಿ ಕೊಂಡವರ ಹೆಸರು, ವಿಳಾಸ, ತಾರೀಖು ತುಂಬಿದ ಮೇಲೇ ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ, ಅರ್ಜಿ ಸಂಖ್ಯೆ ಪಡೆಯಿರಿ, ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ವಾರಕ್ಕೊಮ್ಮೆ ಪರಿವಾಹನ್ ಜಾಲತಾಣದಲ್ಲಿ ನೋಡುತ್ತಿರಿ.