ಸುಬ್ಬಣ್ಣ ಹೆಗ್ಗೋಡಲ್ಲೇ ಯಾಕೆ ಉಳಿದ್ರು?

ನಾಟಕದ ಮಾತು ಬಂದಾಗೆಲ್ಲ ನಾನು ಸುತ್ತಿ ಬಳಸಿ ನೀನಾಸಂ ನಾಟಕ ಸಂಸ್ಥೇನ ಬೆಳೆಸಿದ ಕೆ.ವಿ. ಸುಬ್ಬಣ್ಣನವರ ಹತ್ರಾನೇ ಬಂದು ನಿಲ್ತೀನಿ, ಆಗ ಎದುರಿಗಿದ್ದೋರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಅಷ್ಟೆಲ್ಲ ಓದ್ಕೊಂಡಿದ್ದ ಮನುಷ್ಯ, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬೇರೆ ಬಂತು, ಬೆಂಗಳೂರಲ್ಲೋ ದಿಲ್ಲೀಲೋ ಇದ್ದಿದ್ರೆ ಇನ್ನೆಷ್ಟು ದೊಡ್ಡ ಕೆಲಸ ಆಗ್ತಿತ್ತು, ಶಿವಮೊಗ್ಗ ಜಿಲ್ಲೆ ಸಾಗರದ ಪಕ್ಕದ ಹೆಗ್ಗೋಡು ಅನ್ನೋ ಹಳ್ಳೀಲಿ ಅಡಿಕೆ ತೋಟ ನೋಡ್ಕೊಂಡು ಯಾಕೆ ಉಳಿದ್ಬಿಟ್ರು ಅಂತ.

ಬೆಂಗಳೂರಲ್ಲಿ ಇದ್ದಿದ್ರೆ ಒಳ್ಳೊಳ್ಳೆ ನಾಟಕ ಆಗ್ತಿತ್ತು, ನಾನು ಒಪ್ತೀನಿ. ಆದ್ರೆ ಸುಬ್ಬಣ್ಣನವರಿಗೆ ಬೇಕಿದ್ದಿದ್ದು ನಾಟಕ ನೋಡೋ ಊರು. ಅದನ್ನ ಕಟ್ಟೋಕೆ ಊರಲ್ಲೇ ಇರ್ಬೇಕು, ಬೇರೆ ದಾರಿ ಇಲ್ಲ.

ಅವರು ಹುಟ್ಟಿದ್ದು 1932ರಲ್ಲಿ. ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದ್ರೆ ನಾವೆಲ್ಲ ನೀನಾಸಂ ಅಂತ ಕರಿಯೋದು, ಶುರುವಾಗಿದ್ದು 1949ರಲ್ಲಿ, ಲೆಕ್ಕ ಹಾಕಿ, ಇನ್ನೂ ಹುಡುಗ ಅವರು. ಆಗ ಅದು ಎಷ್ಟೋ ಊರುಗಳಲ್ಲಿ ಇದ್ದಂಥ ಒಂದು ನಾಟಕ ಸಂಘ ಅಷ್ಟೇ. ಆಮೇಲೆ ಮೈಸೂರಿನ ಮಹಾರಾಜ ಕಾಲೇಜಿಗೆ ಹೋದ್ರು, ಕುವೆಂಪು ಅಲ್ಲಿದ್ದ ಕಾಲ, ಓದು ಮುಗಿಸ್ಕೊಂಡು ವಾಪಸ್ ಊರಿಗೆ ಬಂದ್ರು, ತೋಟ ನೋಡ್ಕೊಂಡ್ರು, ಅಕ್ಷರ ಪ್ರಕಾಶನ ಅಂತ ಪುಸ್ತಕ ಹಾಕೋಕೆ ಶುರುಮಾಡಿದ್ರು, ಸಂಘದ ಕೆಲಸ ಮುಂದುವರಿಸಿದ್ರು. ಹೀಗೆ ಬರೆದ್ರೆ ತುಂಬ ಸಾಧಾರಣ ಜೀವನ ಅನ್ಸತ್ತೆ ಅಲ್ವಾ. ಆದ್ರೆ ವಾಪಸ್ ಬಂದು ಊರನ್ನ ಅವರು ನೋಡಿದ ರೀತಿ ಇದ್ಯಲ್ಲ, ನನಗೆ ಅದೇ ಮುಖ್ಯ.

ಮಲೆನಾಡಿನ ಜನಕ್ಕೆ ನಾಟಕ ನೋಡೋದನ್ನ ಯಾರೂ ಹೊಸದಾಗಿ ಕಲಿಸ್ಬೇಕಾಗಿರ್ಲಿಲ್ಲ. ರಾತ್ರಿಯೆಲ್ಲ ಕೂತು ಯಕ್ಷಗಾನ ನೋಡೋರು, ತಾಳಮದ್ದಲೇಲಿ ವೇಷ ಇಲ್ಲ ಕುಣಿತ ಇಲ್ಲ, ಬರೀ ಮಾತಲ್ಲೇ ಕರ್ಣನೂ ಕೃಷ್ಣನೂ ವಾದ ಮಾಡೋದನ್ನ ಕೇಳಿ, ಬೆಳಗ್ಗೆ ಎದ್ದು ಕೊಟ್ಟಿಗೆ ಕೆಲಸ ಮಾಡ್ತಾ ಮಾಡ್ತಾ ನಿನ್ನೆ ಯಾರ ಅರ್ಥಗಾರಿಕೆ ಚೆನ್ನಾಗಿತ್ತು, ಯಾರು ಎಲ್ಲಿ ಎಡವಿದ್ರು ಅಂತ ಮಾತಾಡ್ಕೊಳ್ಳೋರು. ಇಂಥೋರಿಗಿಂತ ಒಳ್ಳೆ ಪ್ರೇಕ್ಷಕರು ಎಲ್ಲಿ ಸಿಗ್ತಾರೆ ಹೇಳಿ? ಸುಬ್ಬಣ್ಣ ಇವರನ್ನ ಏನೂ ಗೊತ್ತಿಲ್ಲದ ಹಳ್ಳಿ ಜನ ಅಂತ ನೋಡ್ಲೇ ಇಲ್ಲ. ಇವರಿಗೆ ಬೇರೆ ಲೋಕದ ಕಥೆಗಳೂ ಸಿಗ್ಲಿ, ಮಿಕ್ಕಿದ್ದು ಇವರೇ ನೋಡ್ಕೋತಾರೆ ಅನ್ನೋ ನಂಬಿಕೆ ಅವರದ್ದು ಅಂತ ನಾನು ಓದ್ಕೊಂಡಿದೀನಿ.

ಸಿನಿಮಾ ವಿಷಯದಲ್ಲೂ ಹೀಗೇ. 1973ರಲ್ಲಿ ಚಿತ್ರಸಮಾಜ ಮಾಡಿದ್ರು, ಸತ್ಯಜಿತ್ ರೇ, ಕುರೊಸಾವ ಇವರ ಸಿನಿಮಾಗಳೆಲ್ಲ ಹೆಗ್ಗೋಡಿಗೆ ಬಂದ್ವು. ಹಳ್ಳಿಯವರಿಗೆ ಇದೆಲ್ಲ ಯಾಕೆ ಅಂತ ಈಗಲೂ ಕೇಳೋರಿದ್ದಾರೆ, ನನಗೆ ಅದು ಕೇಳಿದ್ರೆ ನಿಜವಾಗ್ಲೂ ಬೇಜಾರಾಗತ್ತೆ. ಒಂದೇ ಘಟನೇನ ಒಬ್ಬೊಬ್ರು ಒಂದೊಂದು ಥರ ಹೇಳೋ ರಾಶೋಮನ್ ಥರದ ಸಿನಿಮಾ, ಒಂದೇ ಪ್ರಸಂಗಾನ ದುರ್ಯೋಧನನ ಕಡೆಯಿಂದಲೂ ಭೀಮನ ಕಡೆಯಿಂದಲೂ ಕೇಳಿ ಬೆಳೆದ ಮನುಷ್ಯನಿಗೆ ಯಾಕೆ ಕಷ್ಟ ಆಗ್ಬೇಕು?

1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1985ರಲ್ಲಿ ತಿರುಗಾಟ. ತಿರುಗಾಟ ನೋಡಿಲ್ದೇ ಇರೋರಿಗೆ ಹೇಳ್ತೀನಿ, ಅದೊಂದು ಸಂಚಾರಿ ರೆಪರ್ಟರಿ, ಅಂದ್ರೆ ಊರೂರು ತಿರುಗೋ ನಾಟಕ ತಂಡ, ವರ್ಷ ವರ್ಷ ಹೊಸ ನಾಟಕ ಕಟ್ಕೊಂಡು ತಿಂಗಳುಗಟ್ಟಲೆ ಕರ್ನಾಟಕ ಸುತ್ತತ್ತೆ. ಒಂದು ಶೇಕ್ಸ್‌ಪಿಯರೋ ಮತ್ತೊಂದು ಹೊರಗಿನ ನಾಟಕಾನೋ ಇರತ್ತೆ, ಜೊತೆಗೆ ಕನ್ನಡದ್ದೂ ಇರತ್ತೆ. ನಾಟಕಕ್ಕಿಂತ ಮುಂಚೆ ಮಧ್ಯಾಹ್ನ ಹೋಗಿ ನೋಡ್ಬೇಕು. ಗಾಡಿಯಿಂದ ಸೆಟ್ಟು ಇಳಿಸ್ತಾ ಇರೋನು ರಾತ್ರಿ ರಾಜನ ಪಾತ್ರ ಮಾಡೋನು, ಏಣಿ ಹತ್ತಿ ಲೈಟ್ ಕಟ್ತಾ ಇರೋಳು ಸಂಜೆ ಎಲ್ಲರನ್ನೂ ಅಳಿಸೋಳು, ಒಬ್ರು ಕಾಸ್ಟ್ಯೂಮ್‌ಗೆ ಇಸ್ತ್ರಿ ಹಾಕ್ತಾ ಬಾಯಲ್ಲಿ ಹಾಡಿನ ಸಾಲು ಗುನುಗ್ತಾ ಇರ್ತಾರೆ, ಇನ್ನೊಬ್ರು ಸ್ಟೇಜಿನ ಹಲಗೆ ಮೇಲೆ ಬರಿಗಾಲಲ್ಲಿ ಓಡಾಡಿ ಎಲ್ಲಿ ಮೊಳೆ ಎದ್ದಿದೆ ಅಂತ ನೋಡ್ತಾರೆ. ಆ ಊರಿನ ಸಂಘದ ಹುಡುಗರು ವೈರು ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತಾರೆ, ಮುಂದಿನ ವರ್ಷ ನಾವೂ ಒಂದು ನಾಟಕ ಮಾಡೋಣ ಅನ್ನೋ ಮಾತು ಅಲ್ಲೇ ಹುಟ್ಟತ್ತೆ. ಶೋ ಮುಗಿದ ಮೇಲೆ ಮೇಕಪ್ ಒರೆಸ್ಕೊಂಡು ಅವರೇ ಎಲ್ಲ ಬಿಚ್ಚಿ ತುಂಬಿಸ್ಬೇಕು, ಮಾರನೇ ದಿನ ಮತ್ತೊಂದು ಊರು. ಪತ್ರಿಕೇಲಿ ವಿಮರ್ಶೆ ಬರೆಯೋರು ಅಭಿನಯದ ಬಗ್ಗೆ ಬರೀತಾರೆ, ಒಳ್ಳೇದೇ, ಆದ್ರೆ ಈ ಹಗಲಿನ ಕೆಲಸದ ಬಗ್ಗೆ ಯಾರೂ ಬರೆಯಲ್ಲ.

ಜನಸ್ಪಂದನ ಅಂತ ಎಂಬತ್ತರ ದಶಕದಲ್ಲಿ ಮಾಡಿದ ಕೆಲಸ ಇನ್ನೂ ಕಮ್ಮಿ ಜನಕ್ಕೆ ಗೊತ್ತು. ಹಳ್ಳಿ ಹಳ್ಳಿಗೆ ಹೋಗಿ ಅಲ್ಲಿನೋರ ಜೊತೇನೇ ನಾಟಕದ ಶಿಬಿರ, ಸಿನಿಮಾ ಶಿಬಿರ. ಅದೇ ದಶಕದಲ್ಲಿ ನಾಟಕ ನಿರ್ದೇಶಕ ಚಿದಂಬರರಾವ್ ಜಂಬೆಯವರು ಉತ್ತರ ಕನ್ನಡದ ಸಿದ್ದಿ ಸಮುದಾಯದವರ ಜೊತೆ, ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿ ಇಟ್ಕೊಂಡು ನಾಟಕ ಮಾಡಿದ್ರು. ಆಫ್ರಿಕಾದಿಂದ ಎಷ್ಟೋ ತಲೆಮಾರಿನ ಹಿಂದೆ ಬಂದೋರ ಮಕ್ಕಳು ಆಫ್ರಿಕಾದ್ದೇ ಕಥೇನ ಕನ್ನಡದಲ್ಲಿ ಆಡೋದು, ಇದನ್ನ ಊಹೆ ಮಾಡ್ಕೊಂಡ್ರೇ ನನಗೆ ಮೈ ಜುಂ ಅನ್ನತ್ತೆ. ರಾಜಧಾನೀಲಿ ಆಫೀಸ್ ಇಟ್ಕೊಂಡು ಕೂತಿದ್ರೆ ಇಂಥ ನಾಟಕ ತಲೆಗೇ ಹೊಳೀತಿರ್ಲಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಆ ಜನ ಓಡಾಡೋ ದಾರೀಲೇ ನೀವೂ ಓಡಾಡ್ತಾ ಇರ್ಬೇಕು.

ಸುಬ್ಬಣ್ಣನವರು ಅನುವಾದಕ್ಕೂ ಕೈ ಹಾಕಿದ್ರು, ಗೋಗೋಲ್‌ನ ನಾಟಕ, ಕಾಳಿದಾಸನ ಶಾಕುಂತಲ, ಎಲ್ಲ ತಂದ್ರು. ಇವನ್ನ ಓದುವಾಗ ಮಾತು ನಾಲಿಗೆ ಮೇಲೆ ಸಲೀಸಾಗಿ ಹೊರಳತ್ತೆ, ಯಾಕಂದ್ರೆ ಬರೆದೋರಿಗೆ ಇದನ್ನ ಯಾರು ಆಡ್ತಾರೆ ಯಾರು ಕೂತು ಕೇಳ್ತಾರೆ ಅನ್ನೋದು ಮುಖ ಸಮೇತ ಗೊತ್ತಿತ್ತು. ನಮ್ಮಂಥ ಹವ್ಯಾಸಿ ತಂಡದೋರು ಸ್ಕ್ರಿಪ್ಟ್ ಹುಡುಕುವಾಗ ಇವತ್ತಿಗೂ ಅಕ್ಷರ ಪ್ರಕಾಶನದ ಪುಸ್ತಕಗಳ ಕಡೆ ಕೈ ಹೋಗೋದು ಇದಕ್ಕೇ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಬರತ್ತೆ, 2005ರ ಜುಲೈನಲ್ಲಿ ಅವರು ತೀರ್ಕೊಂಡ್ರಲ್ಲ, ಆಮೇಲೆ ಏನಾಯ್ತು ಅಂತ. ನಿಲ್ಲಲಿಲ್ಲ. ಮಗ ಅಕ್ಷರ ಅವರೂ ಎಷ್ಟೋ ಜನ ಜೊತೆಗಾರರೂ ಸೇರಿ ನಡೆಸ್ಕೊಂಡು ಬಂದ್ರು, ಶಿಬಿರ ಮುಂದುವರೀತು, ತಿರುಗಾಟದ ಗಾಡಿ ಹೊರಡ್ತಾನೇ ಇತ್ತು. ಒಬ್ರ ಹೆಸರಿನ ಮೇಲೆ ನಿಂತಿದ್ದ ಸಂಸ್ಥೆ ಆಗಿದ್ರೆ ಅವತ್ತೇ ಬಾಗಿಲು ಹಾಕ್ಬೇಕಿತ್ತು. ನಿಮ್ಮೂರಿಗೆ ಅಥವಾ ಪಕ್ಕದ ಊರಿಗೆ ತಿರುಗಾಟ ಬಂದಾಗ ದಯವಿಟ್ಟು ಹೋಗಿ, ಸಾಧ್ಯ ಆದ್ರೆ ಮಧ್ಯಾಹ್ನವೇ ಹೋಗಿ, ಮಕ್ಕಳನ್ನೂ ಕರ್ಕೊಂಡು ಹೋಗಿ, ಸೆಟ್ಟು ಇಳಿಸೋಕೆ ಒಂದು ಕೈ ಕೊಡ್ಲಾ ಅಂತ ಕೇಳಿ.